ಹಗ್ಗ ಅಂತ ಗೊತ್ತಾದ ಮೇಲೂ ಹೋಗದ ಹಾವು

ಕಳೆದ ವಾರ ಧಾರವಾಡದ ಮಾಳಮಡ್ಡಿಯ ನಮ್ಮ ಕಾಕು, ಅಂದರೆ ಚಿಕ್ಕಮ್ಮ, ಬೆಳಗ್ಗೆ ಆರೂವರೆಗೇ ಫೋನ್ ಮಾಡಿದರು. ಅಷ್ಟು ಹೊತ್ತಿನಲ್ಲಿ ಫೋನ್ ಬಂದರೆ ಯಾರಿಗಾದರೂ ಎದೆ ಧಸಕ್ ಅನ್ನುತ್ತದೆ. "ಎದ್ದೀಯೇನೋ? ವಾಟ್ಸಾಪಿನ್ಯಾಗ ಒಂದು ಚಿತ್ರ ಬಂದದ ನೋಡು. ಚಿತ್ರ ನಿಂತಿದ್ರ ಮನಸ್ಸು ಆರಾಮ ಅದ, ತಿರಗಿದ್ರ ತಲಿಗೆ ಭಾಳ ತ್ರಾಸ ಆಗೇದ ಅಂತ ಬರದಾರ. ನಂಗ ಗರಗರ ತಿರಗಲಿಕ್ಕತ್ತದ. ಡಾಕ್ಟರ್ ಕಡೆ ಹೋಗ್ಲೇನು?"

ಆ ಚಿತ್ರ ನಿಮಗೂ ಬಂದಿರಬಹುದು. ಜಪಾನಿನ ವೈದ್ಯರೊಬ್ಬರು ಮನಸ್ಸಿನ ಒತ್ತಡ ಅಳೆಯಲು ಮಾಡಿದ್ದು ಅಂತ ಅದರ ಕೆಳಗೆ ಬರೆದಿರುತ್ತದೆ. ಅದು ಸುಳ್ಳು. ಚಿತ್ರ ಮಾಡಿದವರು ಉಕ್ರೇನಿನ ಕಲಾವಿದ ಯೂರಿ ಪೆರೆಪಾದ್ಯ, 2016ರಲ್ಲಿ, ಕಂಪ್ಯೂಟರಿನಲ್ಲಿ. ಯಾರೋ ಅದಕ್ಕೆ ಇಲ್ಲದ ಬಾಲ ಅಂಟಿಸಿ ಊರೆಲ್ಲ ಓಡಿಸಿದರು. ಚಿತ್ರ ತಿರುಗುವುದಕ್ಕೂ ನಿಮ್ಮ ಒತ್ತಡಕ್ಕೂ ಸಂಬಂಧವಿಲ್ಲ. ಅದು ಬಹುತೇಕ ಎಲ್ಲರಿಗೂ ತಿರುಗುತ್ತದೆ.

ಇಷ್ಟು ಹೇಳಿ ಫೋನ್ ಇಡಬಹುದಿತ್ತು. ಆದರೆ ಕಾಕು ಬಿಡಲಿಲ್ಲ. "ಆತಪ್ಪಾ, ಅದು ನಿಂತ ಚಿತ್ರ ಅಂತ ಈಗ ಗೊತ್ತಾತು. ಆದ್ರೂ ತಿರಗಲಿಕ್ಕತ್ತದಲ್ಲೋ, ಅದ್ಯಾಕ?"

ನೂರೈವತ್ತು ವರ್ಷಗಳಿಂದ ವಿಜ್ಞಾನಿಗಳು ತಲೆ ಕೆಡಿಸಿಕೊಂಡಿರುವುದೂ ಇದೇ ಪ್ರಶ್ನೆಗೆ. ಹುಬ್ಬಳ್ಳಿಯ ಸಿದ್ಧಾರೂಢ ಮಠದ ಪ್ರವಚನಕ್ಕೆ ಒಂದೆರಡು ಸಲ ಹೋದವರಿಗೂ ಹಗ್ಗ-ಹಾವಿನ ಕತೆ ಬಾಯಿಪಾಠ ಇರುತ್ತದೆ. ಮಬ್ಬುಗತ್ತಲಲ್ಲಿ ಹಗ್ಗ ಹಾವಿನಂತೆ ಕಾಣುತ್ತದೆ, ದೀಪ ತಂದರೆ ಹಾವು ಮಾಯ. ಅದ್ವೈತ ಹೇಳಲು ಆ ದೃಷ್ಟಾಂತ ಬೇಕು, ಸರಿ. ಆದರೆ ಕಾಕುವಿನ ಫೋನಿನಲ್ಲಿದ್ದ ಹಾವು ಬೇರೆ ಜಾತಿಯದು. ದೀಪ ತಂದರೂ ಹೋಗುವುದಿಲ್ಲ.

ಬಿಸಿಲುಗುದುರೆ ಬೇರೆ, ದೃಷ್ಟಿಭ್ರಮೆ ಬೇರೆ

ಮೊದಲು ಪದಗಳನ್ನು ಬೇರೆ ಮಾಡಿಕೊಳ್ಳೋಣ. ಏಪ್ರಿಲ್ ಮಧ್ಯಾಹ್ನ ಹುಬ್ಬಳ್ಳಿ-ಧಾರವಾಡ ಬೈಪಾಸಿನಲ್ಲಿ ಹೋಗುವಾಗ ಮುಂದೆ ರಸ್ತೆಯ ಮೇಲೆ ನೀರು ನಿಂತಂತೆ ಕಾಣುತ್ತದೆ. ಹತ್ತಿರ ಹೋದರೆ ಇಲ್ಲ. ಇದು ಬಿಸಿಲುಗುದುರೆ. ಕಾದ ಡಾಂಬರಿನ ಮೇಲಿನ ಬಿಸಿ ಗಾಳಿಯಲ್ಲಿ ಬೆಳಕು ಬಾಗುತ್ತದೆ, ಆಕಾಶದ ಬೆಳಕು ರಸ್ತೆಯಿಂದ ಬಂದಂತೆ ಕಣ್ಣಿಗೆ ತಲುಪುತ್ತದೆ. ಮೊಬೈಲಿನಲ್ಲಿ ಫೋಟೊ ಹೊಡೆದರೆ ಅದರಲ್ಲೂ ಬರುತ್ತದೆ. ಅಂದರೆ ಅದು ಹೊರಗಡೆ ನಡೆದ ಘಟನೆ.

ಭ್ರಾಂತಿ ಅನ್ನುವುದು ಅದಕ್ಕೆ ತದ್ವಿರುದ್ಧ. ಅಲ್ಲಿ ಏನೂ ಇರುವುದಿಲ್ಲ, ಆದರೂ ಮನುಷ್ಯರು, ಪ್ರಾಣಿಗಳು ಕಾಣುತ್ತವೆ. ಅದರ ವಿಷಯ ಕೊನೆಗೆ.

ದೃಷ್ಟಿಭ್ರಮೆ ಇವೆರಡರ ನಡುವಿನದು. ವಸ್ತು ಎದುರಿಗೇ ಇದೆ, ಬೆಳಕೂ ಸರಿಯಾಗಿಯೇ ಬಂದಿದೆ, ಕಣ್ಣಿನ ಹಿಂಪರದೆಯ ಮೇಲೆ ಚಿತ್ರವೂ ಸರಿಯಾಗಿಯೇ ಮೂಡಿದೆ. ತಪ್ಪಿದ್ದು ಅದನ್ನು ಓದುವುದರಲ್ಲಿ. ಇಲ್ಲಿ ಫೋಟೊ ಹೊಡೆದು ಅಳತೆಪಟ್ಟಿ ಇಟ್ಟರೆ ತಪ್ಪು ಬಯಲಾಗುತ್ತದೆ.

ಕಣ್ಣು ಕಳಿಸುವುದು ತುಂಡು ತುಂಡು ಸುದ್ದಿ

ಕಣ್ಣು ಕ್ಯಾಮೆರಾ ಇದ್ದ ಹಾಗೆ ಅಂತ ಶಾಲೆಯಲ್ಲಿ ಓದಿದ್ದೇವೆ. ಅರ್ಧ ಮಾತ್ರ ನಿಜ. ಕೈ ಪೂರ್ತಿ ಚಾಚಿ ಹೆಬ್ಬೆರಳು ಎತ್ತಿ ಹಿಡಿಯಿರಿ. ಆ ಉಗುರು ಮುಚ್ಚುವಷ್ಟು ಜಾಗ ಇದೆಯಲ್ಲ, ಕಣ್ಣು ನಿಜವಾಗಿ ಸ್ಪಷ್ಟವಾಗಿ ನೋಡುವುದು ಹೆಚ್ಚು ಕಡಿಮೆ ಅಷ್ಟನ್ನೇ. ಉಳಿದದ್ದೆಲ್ಲ ಮಸುಕು. ನಂಬಿಕೆ ಬರದಿದ್ದರೆ ಈ ಸಾಲಿನ ಒಂದು ಪದದ ಮೇಲೆ ಕಣ್ಣು ನೆಟ್ಟು, ಕಣ್ಣು ಸರಿಸದೆ, ನಾಲ್ಕು ಸಾಲು ಕೆಳಗಿನದನ್ನು ಓದಲು ನೋಡಿ. ಆಗುವುದಿಲ್ಲ.

ಹಾಗಾದರೆ ಇಡೀ ಕೋಣೆ ಸ್ಪಷ್ಟವಾಗಿ ಕಾಣುವುದು ಹೇಗೆ? ಕಣ್ಣು ಸೆಕೆಂಡಿಗೆ ಸುಮಾರು ಮೂರು ಸಲ ಜಿಗಿಯುತ್ತದೆ. ಒಂದೊಂದು ಜಿಗಿತಕ್ಕೆ ಒಂದೊಂದು ತುಂಡು ತರುತ್ತದೆ. ಮೆದುಳು ತುಂಡುಗಳನ್ನು ಕೌದಿಯ ಹಾಗೆ ಹೊಲಿಯುತ್ತದೆ. ಹೊಲಿಗೆ ಮಾತ್ರ ನಮಗೆ ಕಾಣುವುದಿಲ್ಲ. ಕನ್ನಡಿಯ ಮುಂದೆ ನಿಂತು ನಿಮ್ಮ ಎಡಗಣ್ಣನ್ನು ನೋಡಿ, ಆಮೇಲೆ ಬಲಗಣ್ಣನ್ನು ನೋಡಿ. ಕಣ್ಣು ಆಕಡೆಯಿಂದ ಈಕಡೆ ಸರಿಯುವುದು ನಿಮಗೆ ಎಂದೂ ಕಾಣದು. ಪಕ್ಕದಲ್ಲಿ ನಿಂತವರಿಗೆ ಮಾತ್ರ ಚೆನ್ನಾಗಿ ಕಾಣುತ್ತದೆ! ಜಿಗಿತದ ಹೊತ್ತಿನ ಕಲಸುಮೇಲೋಗರವನ್ನು ಮೆದುಳು ನಿಮ್ಮ ತನಕ ಬಿಡುವುದೇ ಇಲ್ಲ.

ಇನ್ನೊಂದು ಇದಕ್ಕಿಂತ ಮಜಾ. ಬಿಳಿ ಹಾಳೆಯ ಮೇಲೆ ಪೆನ್ನಿನಿಂದ ಒಂದು ಕೂಡಿಸುವ ಗುರುತು ಬರೆಯಿರಿ. ಅದರ ಬಲಕ್ಕೆ, ಅದೇ ನೇರಕ್ಕೆ, 10 ಸೆಂಟಿಮೀಟರ್ ಬಿಟ್ಟು ಒಂದು ಸಣ್ಣ ಟಿಕಳಿ ಅಂಟಿಸಿ. ಎಡಗಣ್ಣು ಮುಚ್ಚಿ, ಬಲಗಣ್ಣಿನಿಂದ ಕೂಡಿಸುವ ಗುರುತನ್ನೇ ನೋಡುತ್ತಾ ಹಾಳೆಯನ್ನು ತೋಳಿನಳತೆಯಿಂದ ನಿಧಾನಕ್ಕೆ ಹತ್ತಿರ ತನ್ನಿ. ಮುಖದಿಂದ 35-40 ಸೆಂಟಿಮೀಟರ್ ಆಸುಪಾಸಿನಲ್ಲಿ ಟಿಕಳಿ ಪಟ್ಟನೆ ಮಾಯವಾಗುತ್ತದೆ. ನಮ್ಮ ಮನೆಯಲ್ಲಿ ಇದನ್ನು ಮಾಡಿದ ದಿನ ಟಿಕಳಿ ಪ್ಯಾಕೆಟ್ಟೇ ಖಾಲಿಯಾಯಿತು.

ಕಣ್ಣಿನ ನರ ಹೊರಗೆ ಹೊರಡುವ ಜಾಗದಲ್ಲಿ ಬೆಳಕು ಹಿಡಿಯುವ ಕೋಶಗಳೇ ಇಲ್ಲ. ಫ್ರಾನ್ಸಿನ ಎಡ್ಮೆ ಮ್ಯಾರಿಯೊಟ್ ಎಂಬಾತ 1660ರ ದಶಕದಲ್ಲೇ ಈ ಕುರುಡು ಚುಕ್ಕೆಯನ್ನು ಕಂಡುಹಿಡಿದಿದ್ದ. ಒಂದು ವಿಷಯ ಗಮನಿಸಿ. ಟಿಕಳಿ ಹೋದ ಜಾಗದಲ್ಲಿ ಕರಿ ತೂತು ಕಾಣಲಿಲ್ಲ. ಬಿಳಿ ಹಾಳೆ ಕಂಡಿತು. ಅಕ್ಕಪಕ್ಕ ಬಿಳಿ ಇದೆ, ಇಲ್ಲೂ ಬಿಳಿಯೇ ಇರಬೇಕು ಅಂತ ಮೆದುಳು ತುಂಬಿಕೊಂಡಿತು. ಈ ತೂತು ನಿಮ್ಮ ಹುಟ್ಟಿನಿಂದ ಇದೆ. ಇವತ್ತಿನವರೆಗೆ ಗೊತ್ತಾಗಿತ್ತೇ?

ಅಂಕಿ ಬೇಕಾದವರಿಗೆ ಅಂಕಿ: ಒಂದೊಂದು ಕಣ್ಣಿನಲ್ಲಿ ಬೆಳಕು ಹಿಡಿಯುವ ಕೋಶಗಳು 12 ಕೋಟಿಗೂ ಜಾಸ್ತಿ. ಅವುಗಳ ಸುದ್ದಿ ಮೆದುಳಿಗೆ ಒಯ್ಯುವ ನರದ ಎಳೆಗಳು ಸುಮಾರು 10 ಲಕ್ಷ. ಕಣ್ಣಿನಲ್ಲೇ ಸಾಕಷ್ಟು ಸೋಸಿ, ಸಾರಾಂಶ ಮಾಡಿ ಕಳಿಸಲಾಗುತ್ತದೆ ಅಂತಾಯಿತು.

ಸಾರಾಂಶದಿಂದ ಪೂರ್ತಿ ಕತೆ

ಈ ಹರಕುಮುರಕು ಸಾರಾಂಶದಿಂದ ಮೆದುಳು ಪೂರ್ತಿ ಕತೆ ಕಟ್ಟಬೇಕು, ಅದೂ ಕಣ್ಣು ಮಿಟುಕಿಸುವುದರೊಳಗೆ. ಅದಕ್ಕೆ ಅದು ಹಳೆಯ ಅನುಭವವನ್ನು ಬಳಸುತ್ತದೆ. ಜರ್ಮನಿಯ ಹರ್ಮನ್ ಫಾನ್ ಹೆಲ್ಮ್‌ಹೋಲ್ಟ್ಸ್ 1860ರ ದಶಕದಲ್ಲಿ ಇದನ್ನು 'ಅರಿವಿಗೆ ಬಾರದ ತೀರ್ಮಾನ' ಅಂದರು. ಅಮರಗೋಳದ ಎಪಿಎಂಸಿಯಲ್ಲಿ ಪಳಗಿದ ದಲಾಲರನ್ನು ನೋಡಿ. ಚೀಲಕ್ಕೆ ಕೈ ಹಾಕಿ ಒಂದು ಹಿಡಿ ತೆಗೆದರೆ ಸಾಕು, ಇಡೀ ರಾಶಿಯ ಗುಣ ಹೇಳುತ್ತಾರೆ. ಪ್ರತಿ ಕಾಳು ನೋಡುವುದಿಲ್ಲ. ನೂರರಲ್ಲಿ ತೊಂಬತ್ತೊಂಬತ್ತು ಸಲ ಅವರ ಮಾತು ಸರಿ. ಯಾರಾದರೂ ಬೇಕಂತಲೇ ಮೇಲೆ ಒಳ್ಳೆ ಕಾಳು, ಕೆಳಗೆ ಹುಳುಕು ತುಂಬಿದ ದಿನ ಮಾತ್ರ ಎಡವುತ್ತಾರೆ. ದೃಷ್ಟಿಭ್ರಮೆಯ ಚಿತ್ರ ಅಂದರೆ ಹೀಗೆ ಬೇಕಂತಲೇ ತುಂಬಿದ ಚೀಲ.

ಹುಬ್ಬಳ್ಳಿ ರೈಲು ನಿಲ್ದಾಣದ ಉದ್ದ ಪ್ಲಾಟ್‌ಫಾರ್ಮ್ ಗೊತ್ತಲ್ಲ, 1507 ಮೀಟರ್, 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದಾಗ ಗೋರಖ್‌ಪುರದ್ದನ್ನು ಹಿಂದೆ ಹಾಕಿ ಜಗತ್ತಿಗೇ ಉದ್ದನೆಯದಾಯಿತು. ಅದರ ಒಂದು ತುದಿಯಲ್ಲಿ ನಿಂತು ನೋಡಿ. 10 ಮೀಟರ್ ದೂರದಲ್ಲಿದ್ದ ಹಮಾಲ 20 ಮೀಟರಿಗೆ ಹೋದಾಗ ನಿಮ್ಮ ಕಣ್ಣಿನೊಳಗಿನ ಅವನ ಚಿತ್ರ ಅರ್ಧಕ್ಕರ್ಧ ಸಣ್ಣದಾಗಿರುತ್ತದೆ. ಆದರೆ ಅವನು ಕುಳ್ಳಗಾದ ಅಂತ ನಿಮಗೆ ಅನಿಸುವುದಿಲ್ಲ. ದೂರ ಹೋದ ಅನಿಸುತ್ತದೆ. ಹಳಿಗಳು ಮುಂದೆ ಹೋಗುತ್ತಾ ಒಂದಕ್ಕೊಂದು ಹತ್ತಿರವಾದಂತೆ ಕಾಣುವುದನ್ನು ಮೆದುಳು 'ದೂರ' ಅಂತ ಓದಿ, ಅದಕ್ಕೆ ತಕ್ಕಂತೆ ಗಾತ್ರವನ್ನು ಹಿಗ್ಗಿಸಿ ಹೇಳುತ್ತದೆ.

ಈಗ ಕಾಗದದ ಮೇಲೆ ಅಂಥದೇ ಎರಡು ಹಳಿ ಗೀಚಿ, ಮೇಲೊಂದು ಕೆಳಗೊಂದು ಅಡ್ಡಗೆರೆ ಎಳೆಯಿರಿ. ಎರಡೂ ಒಂದೇ ಅಳತೆ ಇರಲಿ. ಮೇಲಿನದು ಉದ್ದ ಕಾಣುತ್ತದೆ. ಕಾಗದದಲ್ಲಿ ದೂರ ಅನ್ನುವುದೇ ಇಲ್ಲ, ಆದರೂ ಮೆದುಳು ತನ್ನ ಹಳೆಯ ಲೆಕ್ಕ ಹಾಕಿಬಿಟ್ಟಿತು. ಇದಕ್ಕೆ ಇಟಲಿಯ ಮಾರಿಯೊ ಪೊಂಜೊ ಅವರ ಹೆಸರಿದೆ.

ಉಣಕಲ್ ಕೆರೆಯಾಚೆ ಹುಣ್ಣಿಮೆ ಚಂದ್ರ ಹುಟ್ಟುವಾಗ ಜೋಳದ ರೊಟ್ಟಿಯಷ್ಟು ದೊಡ್ಡದು, ನೆತ್ತಿಗೆ ಬಂದಾಗ ಪುರಿಯಷ್ಟು. ಅಲ್ವಾ? ಕೈ ಚಾಚಿ ಒಂದು ತೊಗರಿ ಕಾಳು ಹಿಡಿದು ನೋಡಿ. ಎರಡು ಹೊತ್ತಿನಲ್ಲೂ ಅದೇ ಕಾಳು ಚಂದ್ರನನ್ನು ಮುಚ್ಚುತ್ತದೆ. ನಿಜ ಹೇಳಬೇಕೆಂದರೆ ಹುಟ್ಟುವ ಚಂದ್ರನೇ ಕೂದಲೆಳೆಯಷ್ಟು ಚಿಕ್ಕದು, ಯಾಕೆಂದರೆ ಆಗ ಅದು ನಮಗೆ ಭೂಮಿಯ ಅರ್ಧ ವ್ಯಾಸದಷ್ಟು ಹೆಚ್ಚು ದೂರ. ಮರ, ಮನೆ, ಗುಡ್ಡಗಳ ಆಚೆ ಇರುವ ಚಂದ್ರನನ್ನು ಮೆದುಳು ಜಾಸ್ತಿ ದೂರ ಅಂತ ಎಣಿಸಿ ಹಿಗ್ಗಿಸುತ್ತದೆ ಅನ್ನುವುದು ಒಂದು ವಿವರಣೆ. ಇದರ ಬಗ್ಗೆ ವಿಜ್ಞಾನಿಗಳ ಜಗಳ ಇನ್ನೂ ಮುಗಿದಿಲ್ಲ.

ಬ್ಯಾಡಗಿ ಮೆಣಸಿನಕಾಯಿ ನೆರಳಲ್ಲೂ ಕೆಂಪೇ

ಬಣ್ಣದ ಲೆಕ್ಕ ಇನ್ನೂ ಗಹನ. ಮಧ್ಯಾಹ್ನದ ಬಿಸಿಲಲ್ಲಿ ಪತ್ರಿಕೆ ಓದುತ್ತಾ ಕೂತಿದ್ದೀರಿ. ಅದರ ಕರಿ ಅಕ್ಷರದಿಂದ ನಿಮ್ಮ ಕಣ್ಣಿಗೆ ಬರುವ ಬೆಳಕು, ರಾತ್ರಿ ಕೋಣೆಯ ದೀಪದಲ್ಲಿ ಬಿಳಿ ಹಾಳೆಯಿಂದ ಬರುವ ಬೆಳಕಿಗಿಂತ ಎಷ್ಟೋ ಪಾಲು ಜಾಸ್ತಿ. ಆದರೂ ಅದು ಕಪ್ಪು, ಇದು ಬಿಳುಪು. ಮೆದುಳು ಬೆಳಕನ್ನು ಅಳೆಯುತ್ತಿಲ್ಲ. ಇಲ್ಲಿ ಬೀಳುತ್ತಿರುವ ಬೆಳಕು ಇಷ್ಟು, ಅದನ್ನು ಕಳೆದರೆ ವಸ್ತುವಿನ ಸ್ವಂತ ಬಣ್ಣ ಇಷ್ಟು ಅಂತ ಕಳೆಯುವ ಲೆಕ್ಕ ಮಾಡುತ್ತಿದೆ.

ಬ್ಯಾಡಗಿ ಮಾರುಕಟ್ಟೆಯಲ್ಲಿ ವ್ಯಾಪಾರ ನಿಂತಿರುವುದೇ ಈ ಲೆಕ್ಕದ ಮೇಲೆ. ಬ್ಯಾಡಗಿ ಮೆಣಸಿನಕಾಯಿಗೆ ಖಾರ ಕಡಿಮೆ, ಬಣ್ಣಕ್ಕೇ ಬೆಲೆ. ಒಂದು ರಾಶಿ ಬಿಸಿಲಲ್ಲಿ, ಇನ್ನೊಂದು ತಗಡಿನ ನೆರಳಲ್ಲಿ. ನೆರಳಿನ ರಾಶಿಯಿಂದ ಬರುವ ಬೆಳಕು ಮಂದ, ಸ್ವಲ್ಪ ನೀಲಿ ಕಡೆಗೆ ವಾಲಿದ್ದು. ಖರೀದಿದಾರರ ಕಣ್ಣಿಗೆ ಎರಡೂ ಅದೇ ಕೆಂಪು. ಮೊಬೈಲ್ ಕ್ಯಾಮೆರಾ ಮಾತ್ರ ಎಷ್ಟೋ ಸಲ ಒಂದನ್ನು ಕೇಸರಿ, ಇನ್ನೊಂದನ್ನು ಕಂದು ಮಾಡಿ ಕೂರಿಸುತ್ತದೆ.

1995ರಲ್ಲಿ ಅಮೆರಿಕದ ಎಂಐಟಿಯ ಎಡ್ವರ್ಡ್ ಏಡೆಲ್ಸನ್ ಮಾಡಿದ ಚಿತ್ರ ಈ ಲೆಕ್ಕವನ್ನೇ ಬಳಸಿಕೊಂಡಿತು. ಚದುರಂಗದ ಹಲಗೆ, ಅದರ ಮೇಲೊಂದು ಕಂಬದ ನೆರಳು. ನೆರಳಿನಾಚೆಯ ಒಂದು ಕರಿ ಮನೆ, ನೆರಳಿನೊಳಗಿನ ಒಂದು ಬಿಳಿ ಮನೆ, ಎರಡೂ ಮುದ್ರಣದಲ್ಲಿ ಒಂದೇ ಬೂದು ಬಣ್ಣ. ಸುತ್ತಲಿನದನ್ನೆಲ್ಲ ಕಾಗದದಿಂದ ಮುಚ್ಚಿ ಎರಡು ಮನೆ ಮಾತ್ರ ಬಿಟ್ಟರೆ ಒಪ್ಪುತ್ತೀರಿ. ಕಾಗದ ತೆಗೆದ ಕ್ಷಣ ಮತ್ತೆ ಬೇರೆ ಬೇರೆ. 2015ರ ಫೆಬ್ರವರಿಯಲ್ಲಿ ಒಂದು ಡ್ರೆಸ್ಸಿನ ಫೋಟೊ ಜಗತ್ತನ್ನೇ ಎರಡು ಪಂಗಡ ಮಾಡಿತ್ತಲ್ಲ, ಕೆಲವರಿಗೆ ನೀಲಿ-ಕಪ್ಪು, ಕೆಲವರಿಗೆ ಬಿಳಿ-ಬಂಗಾರ? ಅಲ್ಲೂ ಇದೇ. ಫೋಟೊದ ಬೆಳಕು ಎಂಥದು ಅಂತ ಸುಳಿವಿರಲಿಲ್ಲ. ಒಬ್ಬೊಬ್ಬರ ಮೆದುಳು ಒಂದೊಂದು ಬೆಳಕನ್ನು ಊಹಿಸಿ ಕಳೆಯಿತು. ಅಂಗಡಿಯ ಡ್ರೆಸ್ಸು ನೀಲಿ-ಕಪ್ಪೇ ಆಗಿತ್ತು.

ಮೆದುಳಿಗೆ ಇನ್ನೂ ಒಂದು ಊಹೆ ಉಂಟು: ಬೆಳಕು ಮೇಲಿನಿಂದ ಬೀಳುತ್ತದೆ. ಸೂರ್ಯ ಎಂದೂ ನೆಲದಡಿಯಿಂದ ಬೆಳಗಿದ್ದಿಲ್ಲವಲ್ಲ. ಲಕ್ಕುಂಡಿಗೆ ಹೋದಾಗ ಓರೆ ಬಿಸಿಲು ಬಿದ್ದ ಶಾಸನದ ಫೋಟೊ ಹತ್ತಿರದಿಂದ ತೆಗೆದುಕೊಳ್ಳಿ. ಮನೆಗೆ ಬಂದು ಆ ಫೋಟೊವನ್ನು ತಲೆಕೆಳಗು ಮಾಡಿ ನೋಡಿ. ಕಲ್ಲಿನಲ್ಲಿ ಕೊರೆದ ಅಕ್ಷರಗಳು ಉಬ್ಬಿ ಎದ್ದು ನಿಲ್ಲುತ್ತವೆ. ನಾನು ಮೊದಲ ಸಲ ನೋಡಿದಾಗ ಯಾರೋ ಬೇರೆ ಫೋಟೊ ಹಾಕಿದ್ದಾರೆ ಅಂದುಕೊಂಡಿದ್ದೆ.

ಗದಗಿನ ಗಾಳಿಯಂತ್ರ ಎತ್ತ ತಿರುಗುತ್ತದೆ?

ಇದುವರೆಗೆ ಹೇಳಿದ್ದರಲ್ಲಿ ಮೆದುಳಿಗೆ ಒಂದೇ ಉತ್ತರ ಸಿಕ್ಕಿತ್ತು, ತಪ್ಪೋ ಸರಿಯೋ. ಎರಡು ಉತ್ತರ ಸರಿಸಮ ಬಂದರೆ ಏನು ಮಾಡುತ್ತದೆ?

ಸಂಜೆ ಮುಂಡರಗಿ ಕಡೆಯಿಂದ ಗದಗಕ್ಕೆ ಬರುವಾಗ ಗುಡ್ಡದ ಮೇಲಿನ ಗಾಳಿಯಂತ್ರಗಳನ್ನು ನೋಡಿ. ಹೊತ್ತು ಮುಳುಗಿ, ಆಕಾಶ ಇನ್ನೂ ಕೆಂಪಗಿದ್ದು, ಯಂತ್ರಗಳು ಬರೀ ಕಪ್ಪು ಆಕಾರಗಳಾಗಿ ಕಾಣುವ ಹೊತ್ತು ಬೇಕು. ಓರೆಯಾಗಿ ನಿಂತ ಒಂದನ್ನು ಆರಿಸಿಕೊಳ್ಳಿ. ಅದರ ಮುಖ ನಮ್ಮ ಕಡೆಗಿದೆಯೋ ಬೆನ್ನು ನಮ್ಮ ಕಡೆಗಿದೆಯೋ ಗೊತ್ತಾಗುವುದಿಲ್ಲ. ಸುಮ್ನೆ ನೋಡುತ್ತಾ ಇದ್ದರೆ ಬಲಕ್ಕೆ ತಿರುಗುತ್ತಿದ್ದ ರೆಕ್ಕೆಗಳು ಒಮ್ಮೆಲೇ ಎಡಕ್ಕೆ ತಿರುಗತೊಡಗುತ್ತವೆ. ಗಾಳಿಯೂ ಬದಲಾಗಿಲ್ಲ, ಯಂತ್ರವೂ ನಿಂತಿಲ್ಲ. ಯುರೋಪಿನ ಹಳೆಯ ಗಾಳಿಗಿರಣಿಗಳಲ್ಲಿ ಇದನ್ನು 19ನೇ ಶತಮಾನದಲ್ಲೇ ಗಮನಿಸಿದ್ದರು. ಬಸ್ಸಿನ ಕಿಟಕಿಯಲ್ಲಿ ನನಗೆ ಅದು ಸಿಕ್ಕಿದ್ದು ಎರಡೇ ಸಲ. ಪಕ್ಕದಲ್ಲಿದ್ದವರಿಗೆ ತೋರಿಸಲು ಹೋದರೆ ಅವರಿಗೆ ಇನ್ನೂ ಬಲಕ್ಕೇ ತಿರುಗುತ್ತಿತ್ತು.

ಎರಡೂ ದಿಕ್ಕು ಒಟ್ಟಿಗೆ ಕಾಣುವುದಿಲ್ಲ, ಅರ್ಧ-ಅರ್ಧ ಬೆರೆತೂ ಕಾಣುವುದಿಲ್ಲ. ಒಂದು ಸಲಕ್ಕೆ ಒಂದೇ. ಇಲ್ಲಿಗೆ 'ಅರಿವು' ಬರುತ್ತದೆ. ವಚನದ ಅರಿವು ದೊಡ್ಡ ಮಾತು. ಪ್ರಯೋಗಶಾಲೆಯಲ್ಲಿ ಅರಿವು ಅಂದರೆ ಇಷ್ಟೇ: ಈಗ ನಿನಗೆ ಏನು ಕಾಣುತ್ತಿದೆ ಅಂತ ಕೇಳಿದರೆ ನೀವು ಹೇಳಬಲ್ಲದ್ದು. ಹೊರಗಿನ ಚಿತ್ರ ಬದಲಾಗದೆ ಅರಿವು ಮಾತ್ರ ಬದಲಾಗುವ ಇಂಥ ಸಂದರ್ಭ ಅಂದರೆ ವಿಜ್ಞಾನಿಗಳಿಗೆ ಹಬ್ಬ. ಆ ಕ್ಷಣದಲ್ಲಿ ಮೆದುಳಿನೊಳಗೆ ಏನು ಬದಲಾಯಿತು ಅಂತ ಹುಡುಕಬಹುದಲ್ಲ.

1990ರ ದಶಕದಲ್ಲಿ ನಿಕೋಸ್ ಲೋಗೊಥೆಟಿಸ್ ಮತ್ತು ಸಂಗಡಿಗರು ಹಾಗೇ ಹುಡುಕಿದರು. ಮಂಗಗಳ ಒಂದು ಕಣ್ಣಿಗೆ ಒಂದು ಚಿತ್ರ, ಇನ್ನೊಂದು ಕಣ್ಣಿಗೆ ಬೇರೆ ಚಿತ್ರ ತೋರಿಸಿದರು. ಹಾಗೆ ಮಾಡಿದಾಗ ಎರಡು ಚಿತ್ರಗಳು ಸರದಿಯ ಮೇಲೆ ಕಾಣುತ್ತವೆ, ನಮಗೂ ಅಷ್ಟೇ. ಯಾವುದು ಕಾಣುತ್ತಿದೆ ಅಂತ ಸನ್ನೆಕೋಲು ಒತ್ತಿ ಹೇಳಲು ಮಂಗಗಳಿಗೆ ಕಲಿಸಿದ್ದರು. ತಲೆಯ ಹಿಂಭಾಗದಲ್ಲಿ, ಕಣ್ಣಿನ ಸುದ್ದಿ ಮೊದಲು ಬಂದು ಇಳಿಯುವ ಜಾಗದ ಕೋಶಗಳಲ್ಲಿ ಐದರಲ್ಲಿ ಒಂದು ಮಾತ್ರ ಮಂಗಕ್ಕೆ ಕಂಡದ್ದರ ಜತೆ ಹೆಜ್ಜೆ ಹಾಕಿತು. ಉಳಿದವು ಎದುರಿಗೆ ಏನಿದೆಯೋ ಅದನ್ನೇ ವರದಿ ಮಾಡುತ್ತಿದ್ದವು. ಕಿವಿಯ ನೇರಕ್ಕೆ, ಮುಖ-ವಸ್ತುಗಳನ್ನು ಗುರುತಿಸುವ ಜಾಗಕ್ಕೆ ಬಂದರೆ ಹತ್ತರಲ್ಲಿ ಒಂಬತ್ತು ಕೋಶ ಕಂಡದ್ದರ ಜತೆಗೇ ಬದಲಾದವು. ಅಂದರೆ ಮೆದುಳಿಗೆ ಎರಡೂ ಚಿತ್ರ ತಲುಪಿವೆ. ಅರಿವಿಗೆ ಬಂದದ್ದು ಒಂದೇ.

ಗೊತ್ತಿದ್ದೂ ಯಾಕೆ ಸರಿಹೋಗುವುದಿಲ್ಲ

ಈಗ ಕಾಕುವಿನ ಪ್ರಶ್ನೆಗೆ ಬರೋಣ. 1889ರಲ್ಲಿ ಜರ್ಮನಿಯ ಮ್ಯುಲರ್-ಲಯರ್ ಎರಡು ಗೆರೆ ಎಳೆದರು. ಒಂದರ ಎರಡೂ ತುದಿಗೆ ಬಾಣದ ತಲೆಯಂತೆ ಒಳಗೆ ಮಡಚಿದ ಕೋಲು, ಇನ್ನೊಂದರ ತುದಿಗಳಿಗೆ ಹೊರಗೆ ಚಾಚಿದ ಕೋಲು. ಗೆರೆಗಳು ಸಮ. ಹೊರಗೆ ಚಾಚಿದ್ದು ಉದ್ದ ಕಾಣುತ್ತದೆ. ನೀವು ಪಟ್ಟಿ ಇಟ್ಟು ಅಳೆಯಿರಿ, ನೂರು ಸಲ ಅಳೆಯಿರಿ. ನೂರಾ ಒಂದನೇ ಸಲವೂ ಅದು ಉದ್ದವೇ.

ಹಗ್ಗದ ಹಾವು ಯಾಕೆ ಹೋಯಿತು ಅಂದರೆ ಅಲ್ಲಿ ಕಣ್ಣಿಗೆ ಸುದ್ದಿಯೇ ಸಾಲದಾಗಿತ್ತು. ದೀಪ ಬಂತು, ಹೊಸ ಸುದ್ದಿ ಬಂತು, ತೀರ್ಮಾನ ಬದಲಾಯಿತು. ಗೆರೆಗಳ ವಿಷಯದಲ್ಲಿ ನಿಮಗೆ ಸಿಕ್ಕ ಹೊಸ ಸುದ್ದಿ 'ಎರಡೂ ಸಮ' ಅನ್ನುವ ಮಾತು. ಅದು ಯೋಚಿಸುವ ಮೆದುಳಿಗೆ ಹೋಯಿತೇ ಹೊರತು ಗೆರೆಯ ಉದ್ದ ಎಣಿಸುವ ವಿಭಾಗಕ್ಕೆ ಹೋಗಲಿಲ್ಲ. ಆ ವಿಭಾಗ ನಿಮ್ಮ ಮಾತು ಕೇಳಿ ಕೆಲಸ ಮಾಡುವುದಿಲ್ಲ, ಮುಗಿಸಿದ ಕೆಲಸ ತಂದು ನಿಮ್ಮ ಮುಂದಿಡುತ್ತದೆ. ಅದು ಒಳ್ಳೆಯದೇ ಅಂತ ನನಗನಿಸುತ್ತದೆ. ಯಾರೋ ಹೇಳಿದ ಮಾತಿಗೆಲ್ಲ ಕಣ್ಣಿಗೆ ಕಾಣುವುದು ಬದಲಾಗುವಂತಿದ್ದರೆ ರಸ್ತೆ ದಾಟುವುದೂ ಕಷ್ಟವಾಗುತ್ತಿತ್ತು.

ಹಾಗಂತ ಮೇಲಿನಿಂದ ಕೆಳಕ್ಕೆ ಏನೂ ಹೋಗುವುದೇ ಇಲ್ಲ ಅಂತಲ್ಲ. ಮೆದುಳಿನ ದಾರಿಗಳು ಎರಡೂ ಕಡೆಗಿವೆ. ಕಣ್ಣಿಂದ ಬಂದ ಸುದ್ದಿ ತಲೆಯ ಹಿಂಭಾಗಕ್ಕೆ ಹೋಗುವ ಮುನ್ನ ನಿಲ್ಲುವ ನಡುದಾರಿಯ ತಾಣಕ್ಕೆ ಕಣ್ಣಿಗಿಂತ ಮೆದುಳಿನ ಕಡೆಯಿಂದಲೇ ಎಷ್ಟೋ ಹೆಚ್ಚು ಎಳೆಗಳು ಬರುತ್ತವೆ. ಆದರೆ ಆ ದಾರಿಯಲ್ಲಿ ಹೋಗುವುದು ಜೀವಮಾನವಿಡೀ ಪಳಗಿದ ರೂಢಿ. ಈಗ ತಾನೇ ವಾಟ್ಸಾಪಿನಲ್ಲಿ ಓದಿದ ವಾಕ್ಯಕ್ಕೆ ಅಲ್ಲಿ ಪ್ರವೇಶವಿಲ್ಲ.

ರೂಢಿಯೋ ಹುಟ್ಟೋ ಅನ್ನುವುದಕ್ಕೂ ಒಂದು ಕುತೂಹಲದ ಪರೀಕ್ಷೆ ನಮ್ಮ ದೇಶದಲ್ಲೇ ನಡೆದಿದೆ. ಮೆದುಳು ವಿಜ್ಞಾನಿ ಪವನ್ ಸಿನ್ಹಾ ಅವರ 'ಪ್ರಕಾಶ್' ಯೋಜನೆಯಲ್ಲಿ ಹುಟ್ಟಿನಿಂದಲೇ ಪೊರೆ ಬಂದು ಕುರುಡಾಗಿದ್ದ ಮಕ್ಕಳಿಗೆ ಶಸ್ತ್ರಚಿಕಿತ್ಸೆ ಮಾಡಿಸುತ್ತಾರೆ. ಅವರಲ್ಲಿ 8ರಿಂದ 16 ವರ್ಷದ ಒಂಬತ್ತು ಮಕ್ಕಳಿಗೆ, ಕಣ್ಣು ಬಂದ ಬೆನ್ನಲ್ಲೇ, ಹಳಿಯ ಚಿತ್ರ ಮತ್ತು ಬಾಣದ ಗೆರೆ ತೋರಿಸಿದರು. ಹಳಿ ನೋಡಿಲ್ಲ, ಬಾಣದ ಗೆರೆಯಂತೆ ಕಾಣುವ ಕೋಣೆಯ ಮೂಲೆ ನೋಡಿಲ್ಲ. ಆದರೂ ಆ ಮಕ್ಕಳೂ ನಮ್ಮ ಹಾಗೆಯೇ ಮೋಸಹೋದರು. 2015ರಲ್ಲಿ ಇದು ಪ್ರಕಟವಾದಾಗ, 'ನೋಡಿ ನೋಡಿ ಕಲಿತಿದ್ದಕ್ಕೇ ಈ ಭ್ರಮೆ' ಅನ್ನುತ್ತಿದ್ದವರು ಮತ್ತೆ ಯೋಚಿಸಬೇಕಾಯಿತು. ಆದರೆ 1960ರ ದಶಕದಲ್ಲಿ ಬೇರೆ ಬೇರೆ ಸಮಾಜಗಳಲ್ಲಿ ಬಾಣದ ಗೆರೆ ತೋರಿಸಿದಾಗ ಆಫ್ರಿಕಾದ ಕೆಲವು ಬುಡಕಟ್ಟುಗಳ ಜನ ಅಮೆರಿಕದವರಿಗಿಂತ ತುಂಬ ಕಡಿಮೆ ಮೋಸಹೋಗಿದ್ದೂ ಉಂಟು. ಎರಡನ್ನೂ ಒಟ್ಟಿಗೆ ಇಟ್ಟುಕೊಂಡು ನೋಡಬೇಕು.

ಕೈಗೆ ಗೊತ್ತು, ಬಾಯಿಗೆ ಗೊತ್ತಿಲ್ಲ

ಅರಿವಿಗೆ ಬಾರದೆಯೂ ಕಣ್ಣು ಕೆಲಸ ಮಾಡುತ್ತದೆ ಅನ್ನುವುದಕ್ಕೆ ಇಬ್ಬರು ರೋಗಿಗಳು ಸಾಕ್ಷಿ. ಇಂಗ್ಲೆಂಡಿನಲ್ಲಿ ಲಾರೆನ್ಸ್ ವೈಸ್ಕ್ರಾಂಟ್ಜ್ 1970ರ ದಶಕದಲ್ಲಿ ಪರೀಕ್ಷಿಸಿದ ಒಬ್ಬನಿಗೆ ಶಸ್ತ್ರಚಿಕಿತ್ಸೆಯ ನಂತರ ಒಂದು ಪಕ್ಕದ ನೋಟ ಹೋಗಿತ್ತು. ಅಲ್ಲಿ ಏನೂ ಕಾಣುತ್ತಿಲ್ಲ ಅನ್ನುತ್ತಿದ್ದ. 'ಸುಮ್ಮನೆ ಅಂದಾಜಿನ ಮೇಲೆ ಬೆಳಕಿನ ಕಡೆ ಬೆರಳು ತೋರಿಸು' ಅಂದರೆ ತೋರಿಸುತ್ತಿದ್ದ, ಬಹುತೇಕ ಸರಿಯಾಗಿ. ತನಗೇ ಆಶ್ಚರ್ಯ ಅವನಿಗೆ.

ಇನ್ನೊಬ್ಬಾಕೆ ಬಚ್ಚಲಿನ ಗ್ಯಾಸ್ ಹೀಟರಿನ ವಿಷಾನಿಲದಿಂದ ಮೆದುಳಿಗೆ ಪೆಟ್ಟು ತಿಂದವಳು. ಟಪಾಲು ಪೆಟ್ಟಿಗೆಯಂಥ ಸೀಳನ್ನು ತೋರಿಸಿ 'ಇದು ನಿಂತಿದೆಯೋ ಮಲಗಿದೆಯೋ' ಅಂದರೆ ಹೇಳಲಾಗುತ್ತಿರಲಿಲ್ಲ. ಕಾರ್ಡು ಕೊಟ್ಟು 'ಒಳಗೆ ಹಾಕು' ಅಂದರೆ ಕೈ ಸರಿಯಾದ ಕೋನಕ್ಕೆ ತಿರುಗಿ ಹಾಕಿಬಿಡುತ್ತಿತ್ತು. ಗುಡೇಲ್ ಮತ್ತು ಮಿಲ್ನರ್ 1991ರಲ್ಲಿ ಇದನ್ನು ಪ್ರಕಟಿಸಿ, ಗುರುತಿಸಲು ಒಂದು ದಾರಿ, ಕೈಗೆ ದಾರಿ ತೋರಿಸಲು ಇನ್ನೊಂದು ದಾರಿ ಅಂದರು.

ಇದರ ಉಲ್ಟಾ ಕೂಡ ಉಂಟು. ಕಣ್ಣೆದುರಿಗೆ ಸ್ಪಷ್ಟವಾಗಿದ್ದರೂ ಅರಿವಿಗೆ ಬರುವುದಿಲ್ಲ. 1999ರಲ್ಲಿ ಸೈಮನ್ಸ್ ಮತ್ತು ಚಾಬ್ರಿಸ್ ಚೆಂಡು ಎಸೆದಾಡುವ ವಿಡಿಯೊ ತೋರಿಸಿ ಎಸೆತ ಎಣಿಸಲು ಹೇಳಿದರು. ನಡುವೆ ಗೊರಿಲ್ಲಾ ವೇಷದವರೊಬ್ಬರು ಬಂದು ಎದೆ ಬಡಿದುಕೊಂಡು ಹೋದರು. ಎಣಿಸುತ್ತಿದ್ದವರಲ್ಲಿ ಸುಮಾರು ಅರ್ಧ ಜನ ನೋಡಲೇ ಇಲ್ಲ. ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಚಿಗರಿ ಬಸ್ಸಿನ ದಾರಿ ದಾಟುವಾಗ ಕಾರುಗಳನ್ನಷ್ಟೇ ಹುಡುಕುತ್ತಾ ಹೋದರೆ ಆ ಬಸ್ಸಿನಷ್ಟು ದೊಡ್ಡದೂ ತಪ್ಪಿಹೋಗಬಹುದು.

ಕಾಕುವಿನ ಚಿತ್ರ

ನಿಂತ ಚಿತ್ರ ತಿರುಗುವ ಈ ತಂತ್ರವನ್ನು ಎಲ್ಲರಿಗೂ ಪರಿಚಯ ಮಾಡಿಸಿದವರು ಜಪಾನಿನ ಅಕಿಯೋಶಿ ಕಿತಾವೊಕಾ. ಅವರ 2003ರ 'ತಿರುಗುವ ಹಾವುಗಳು' ತುಂಬ ಹೆಸರಾದದ್ದು. ಇಲ್ಲೂ ಹಾವೇ ನೋಡಿ! ಕಪ್ಪು, ನೀಲಿ, ಬಿಳಿ, ಹಳದಿ ಪಟ್ಟಿಗಳು ಅದೇ ಸರದಿಯಲ್ಲಿ ಮತ್ತೆ ಮತ್ತೆ ಬರುತ್ತವೆ. ಎದ್ದು ಕಾಣುವ ಪಟ್ಟಿಯ ಸುದ್ದಿ ಮೆದುಳಿಗೆ ಬೇಗ ಮುಟ್ಟುತ್ತದೆ, ಮಸುಕಿನ ಪಟ್ಟಿಯದು ತಡವಾಗಿ. ಒಂದಾದ ಮೇಲೆ ಒಂದು ಬೆಳಗಿದಂತಾಗಿ, ಮೆದುಳಿನಲ್ಲಿ ಚಲನೆ ಗುರುತಿಸುವ ಕೋಶಗಳು 'ಏನೋ ಸರಿಯಿತು' ಅನ್ನುತ್ತವೆ. ಮದುವೆ ಮನೆಯ ಸೀರಿಯಲ್ ಸೆಟ್ಟಿನ ದೀಪಗಳು ಓಡಿದಂತೆ ಕಾಣುತ್ತವಲ್ಲ, ಹಾಗೆ. ಕಣ್ಣಿನ ಪ್ರತಿ ಜಿಗಿತಕ್ಕೂ ಇದು ಹೊಸದಾಗಿ ಶುರುವಾಗುತ್ತದೆ. ಅದಕ್ಕೇ ಒಂದೇ ಚುಕ್ಕೆಯ ಮೇಲೆ ಕಣ್ಣು ನೆಟ್ಟರೆ ತಿರುಗುವುದು ನಿಧಾನವಾಗಿ ನಿಲ್ಲುತ್ತದೆ. ಕಾಕು ಹಾಗೆ ಮಾಡಿ ನೋಡಿ, "ಹೌದೋ, ನಿಂತ್ತು" ಅಂದರು.

ಡಾಕ್ಟರ ಬಳಿ ಹೋಗಬೇಕಾದ ಸಂಗತಿಗಳು ಬೇರೆ. ಬಾಗಿಲ ಚೌಕಟ್ಟಿನಂಥ ನೆಟ್ಟಗಿನ ಗೆರೆ ಇದ್ದಕ್ಕಿದ್ದಂತೆ ಡೊಂಕು ಕಾಣತೊಡಗಿದರೆ, ಮಿಂಚು ಹೊಡೆದಂತಾದರೆ, ಪರದೆ ಇಳಿದಂತಾದರೆ ತಡಮಾಡದೆ ಕಣ್ಣಿನ ಡಾಕ್ಟರಿಗೆ ತೋರಿಸಬೇಕು. ಇನ್ನೊಂದನ್ನು ವಯಸ್ಸಾದವರು ಮುಚ್ಚಿಡುತ್ತಾರೆ. ಕಣ್ಣು ಮಂಜಾದವರಿಗೆ ಕೆಲವೊಮ್ಮೆ ಇಲ್ಲದ ಜನ, ಮಕ್ಕಳು, ಹೂವಿನ ಬಳ್ಳಿಗಳು ಸ್ಪಷ್ಟವಾಗಿ ಕಾಣುತ್ತವೆ. ಶಬ್ದ ಇರುವುದಿಲ್ಲ. ಸ್ವಿಟ್ಜರ್ಲೆಂಡಿನ ಶಾರ್ಲ್ ಬೊನೆ 1760ರಲ್ಲಿ, ಪೊರೆ ಬಂದಿದ್ದ ತನ್ನ ಅಜ್ಜನ ಬಗ್ಗೆ ಇದನ್ನು ಬರೆದ, ಹಾಗಾಗಿ ಅವನ ಹೆಸರಲ್ಲೇ ಕರೆಯುತ್ತಾರೆ. ಕಣ್ಣಿಂದ ಸುದ್ದಿ ಬರುವುದು ಕಡಿಮೆಯಾದಾಗ ಮೆದುಳು ತಾನೇ ಚಿತ್ರ ಹುಟ್ಟಿಸುತ್ತದೆ, ಟಿಕಳಿಯ ಜಾಗದಲ್ಲಿ ಬಿಳಿ ತುಂಬಿದಂತೆ. ಇದು ಹುಚ್ಚಲ್ಲ. ನೋಡುವವರಿಗೆ ಅದು ನಿಜವಲ್ಲ ಅಂತ ಸಾಮಾನ್ಯವಾಗಿ ಗೊತ್ತಿರುತ್ತದೆ.

ಇದನ್ನು ಹೇಳಿದ ಮೇಲೆ ಕಾಕು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಅಂದರು: "ನಿಮ್ಮ ಅಜ್ಜಿಗೆ ಕಡೀ ಎರಡು ವರ್ಷ ಹಿತ್ತಲದಾಗ ಹುಡುಗ್ರು ಆಡೂದು ಕಾಣ್ತಿತ್ತು. ಮೋತಿಬಿಂದು ಭಾಳ ಬಲ್ತಿತ್ತು ಆಗ. 'ಅವು ಖರೇ ಇಲ್ಲ ಅಂತ ನಂಗ ಗೊತ್ತದವ್ವಾ, ಆದ್ರೂ ಕಾಣ್ತಾವ' ಅಂತಿದ್ರು. ನಾವು ಹಣೀಗೆ ಅಂಗಾರ ಹಚ್ಚಿ ಒಳಗ ಕೂಡಸ್ತಿದ್ವಿ."